ಗುಡ್ಡಕ್ಕೆ ಮೇಕೆ ಬರುವ ಮುಂಚೆ: ಈಸ್ಟ್ ಬೇ ಎಚ್‌ಒಎಗಳಿಗೂ ಕನ್ನಡದ ನೆರೆಹೊರೆಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಡಬ್ಲಿನ್, ಸ್ಯಾನ್ ರಮೋನ್, ಫ್ರೀಮಾಂಟ್ ಕಡೆಯ ಗುಡ್ಡದಂಚಿನ ಬಡಾವಣೆಗಳ ಎಚ್‌ಒಎ (ಮನೆ ಮಾಲೀಕರ ಸಂಘ) ಆಡಳಿತ ಮಂಡಳಿಗಳಲ್ಲಿ ಈಗ ಕನ್ನಡದವರೂ ಕೂತಿದ್ದೀರಿ. ಅದಕ್ಕೇ ಈ ಪತ್ರ ಕನ್ನಡದಲ್ಲಿ. ಏಪ್ರಿಲ್ ಕೊನೆಗೆ ಬೇಲಿಯಾಚೆಯ ಕಾಡು ಓಟ್ಸ್ ಹುಲ್ಲು ಸೊಂಟದೆತ್ತರ ಬರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬೀಳದಂತೆ ಮೇಯಿಸಿ ತೆಗೆಸಲು ಯಾರೋ ಒಬ್ಬರು ‘ಈ ಸಲ ಮೇಕೆ ತರಿಸೋಣ’ ಅನ್ನುತ್ತಾರೆ. ಮೇ ತಿಂಗಳ ಸಭೆಗೆ ಮೂರು ಕೊಟೇಶನ್ ಬರುತ್ತವೆ, ಕಡಿಮೆ ಬೆಲೆಯದಕ್ಕೆ ಕೈ ಎತ್ತಿ ಮುಗಿಸುತ್ತೀರಿ. ಹಿಂಡು ಬರುವುದು ಜುಲೈಗೆ. ಅಷ್ಟರಲ್ಲಿ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಮೇಕೆಗಳು ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಆಮೇಲೆ ಎಲ್ಲರೂ ಸೇರಿ ಮೇಕೆಗೆ ಬೈಯುತ್ತಾರೆ.

ನಮ್ಮ ಕೋರಿಕೆ ಮೂರು. ಒಪ್ಪಂದವನ್ನು ಜನವರಿಯಲ್ಲಿ ಮುಗಿಸಿ. ದಿನದ ಲೆಕ್ಕಕ್ಕೋ ತಲೆ ಲೆಕ್ಕಕ್ಕೋ ದುಡ್ಡು ಕೊಡಬೇಡಿ. ಕೆಲಸ ಮುಗಿದ ಮೇಲೆ ನೆಲದ ಮೇಲೆ ಎಷ್ಟು ಇಂಚು ಹುಲ್ಲು ಉಳಿಯಬೇಕು ಅನ್ನುವುದಕ್ಕೆ ಕೊಡಿ. ಮೂರನೆಯದು, ಹಿಂಡಿನ ಜೊತೆ ಗುಡ್ಡದ ಮೇಲೇ ಮಲಗುವ ಮನುಷ್ಯನ ಹೆಸರಿಗೂ ಒಪ್ಪಂದದಲ್ಲಿ ಒಂದು ಸಾಲು ಇರಲಿ. ಇದರಲ್ಲಿ ಮೂರನೆಯದನ್ನೇ ಎಲ್ಲರೂ ಮರೆಯುವುದು, ಕೆಲಸ ಕೆಡುವುದೂ ಹೆಚ್ಚಾಗಿ ಅಲ್ಲೇ.

ಮೊದಲು ತಿಂಗಳ ಮಾತು. ಇಲ್ಲಿ ಮಳೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ನಮ್ಮೂರಿನ ಲೆಕ್ಕ ಪೂರ್ತಿ ತಲೆಕೆಳಗು: ಯುಗಾದಿಗೆ ಗುಡ್ಡ ಹಸಿರು, ಗಣೇಶನ ಹಬ್ಬಕ್ಕೆ ಒಣಗಿ ಹೊಂಬಣ್ಣ. ಫೆಬ್ರವರಿಯಲ್ಲಿ ಮೇಯಿಸಿದರೆ ಮಾರ್ಚ್ ಮಳೆಗೆ ಹುಲ್ಲು ಮತ್ತೆ ಚಿಗುರುತ್ತದೆ, ಇನ್ನೊಂದು ಸಲ ದುಡ್ಡು ತೆರಬೇಕು. ಜುಲೈಗೆ ಬಿಟ್ಟರೆ ಹುಲ್ಲಿನಲ್ಲಿ ಸತ್ವವೇ ಇರುವುದಿಲ್ಲ, ಜೊತೆಗೆ ರಿಪ್‌ಗಟ್ ಹುಲ್ಲಿನ ಮುಳ್ಳುಮೊನೆಯ ಬೀಜ ಮೇಕೆಯ ಕಣ್ಣಿಗೆ, ಒಸಡಿಗೆ ಚುಚ್ಚಿಕೊಂಡು ಕೀವಾಗುತ್ತದೆ. ಹುಲ್ಲಿಗೆ ಸರಿಯಾದ ಕಾಲ ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ: ತೆನೆ ಬಂದಿರಬೇಕು, ಬೀಜ ಉದುರಿರಬಾರದು. ಹಳದಿ ಸ್ಟಾರ್ ಥಿಸಲ್ ಇರುವ ಜಾಗವಾದರೆ ಕಾಂಡ ಮೇಲೆದ್ದ ಮೇಲೆ, ಹೂ ಬಿಡುವ ಮುಂಚೆ. ಕುದುರೆಗೆ ವಿಷವಾದ ಆ ಗಿಡವನ್ನು ಮೇಕೆ ಮುಳ್ಳು ಬಂದ ಮೇಲೂ ತಿನ್ನುತ್ತದೆ. ಈ ಎಂಟು ವಾರಗಳಲ್ಲಿ ಈಸ್ಟ್ ಬೇಯ ಪ್ರತಿ ನಗರಸಭೆ, ಪ್ರತಿ ಪಾರ್ಕು, ಪ್ರತಿ ಎಚ್‌ಒಎಗೂ ಹಿಂಡು ಬೇಕು. ಮೇ ತಿಂಗಳಲ್ಲಿ ಫೋನ್ ಮಾಡಿದವರಿಗೆ ಜುಲೈ ಸಿಗುವುದು ಇದಕ್ಕೇ.

ಪೊದೆಯ ಲೆಕ್ಕ ಬೇರೆ. ಫ್ರೆಂಚ್ ಬ್ರೂಮ್, ಹಿಮಾಲಯನ್ ಬ್ಲ್ಯಾಕ್‌ಬೆರಿ, ಪಾಯ್ಸನ್ ಓಕ್ ಇವೆಲ್ಲ ಒಂದು ಸಲ ಎಲೆ ತಿನ್ನಿಸಿದರೆ ಸಾಯುವ ಜಾತಿಯಲ್ಲ. ಬೇರಿನಲ್ಲಿ ಕೂಡಿಟ್ಟ ಶಕ್ತಿ ಖರ್ಚಾಗಬೇಕು. ವಸಂತದಲ್ಲಿ ಒಮ್ಮೆ, ಬೇಸಿಗೆಯ ಕೊನೆಗೆ ಮರುಚಿಗುರಿನ ಮೇಲೆ ಇನ್ನೊಮ್ಮೆ, ಹೀಗೆ ಎರಡು ಮೂರು ವರ್ಷ ಬಿಡದೆ ಮೇಯಿಸಬೇಕು. ಒಂದೇ ವರ್ಷ ಮೇಯಿಸಿ ಬಿಟ್ಟರೆ ಬಿಸಿಲು ಬಿದ್ದ ನೆಲದಲ್ಲಿ ಬ್ರೂಮ್ ಬೀಜಗಳೇ ಮೊದಲು ಮೊಳೆಯುತ್ತವೆ. ಬಲಿತ ಕಯೋಟಿ ಬ್ರಷ್ ಪೊದೆಯನ್ನು ಮೇಕೆ ಸುಮ್ಮನೆ ಮೂಸಿ ಮುಂದೆ ಹೋಗುತ್ತದೆ. ಅದಕ್ಕೆ ಗರಗಸದವರನ್ನೇ ಕರೆಯಿರಿ.

ಈ ಖರ್ಚೆಲ್ಲ ಯಾಕೆ ಎಂದು ಕೇಳುವ ಸದಸ್ಯರಿಗೆ ಒಂದೇ ಉತ್ತರ. 1991ರ ಅಕ್ಟೋಬರ್ 19ರಂದು ಓಕ್‌ಲ್ಯಾಂಡ್ ಗುಡ್ಡದಲ್ಲಿ ಒಂದು ಸಣ್ಣ ಹುಲ್ಲುಬೆಂಕಿ ಬಿತ್ತು, ಆರಿಸಿದರು. ಮರುದಿನ ಗಾಳಿಗೆ ಅದೇ ಕೆಂಡ ಮತ್ತೆ ಎದ್ದು 25 ಜನರನ್ನೂ ಸುಮಾರು 3,000 ಮನೆಗಳನ್ನೂ ತೆಗೆದುಕೊಂಡು ಹೋಯಿತು. ಬೆಂಕಿ ಅಪಾಯದ ವಲಯಗಳಲ್ಲಿ ಮನೆಯ ಸುತ್ತ 100 ಅಡಿ ರಕ್ಷಣಾ ಜಾಗ ಇರಬೇಕೆನ್ನುತ್ತದೆ ರಾಜ್ಯದ ಕಾನೂನು. ಅಲ್ಲಿ ಹುಲ್ಲಿನ ಎತ್ತರಕ್ಕೆ ರಾಜ್ಯದ ಅಗ್ನಿಶಾಮಕ ಇಲಾಖೆಯಾದ ಕ್ಯಾಲ್ ಫೈರ್ ಹೇಳುವ ಮಿತಿ 4 ಇಂಚು. ಕಡಿದಾದ ಇಳಿಜಾರಿಗೆ ಯಂತ್ರ ಹತ್ತುವುದಿಲ್ಲ. ಹತ್ತಿದರೂ ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿದರೆ ಕತ್ತರಿಸಲು ಹೋದ ಹುಲ್ಲೇ ಹತ್ತಿಕೊಳ್ಳುತ್ತದೆ. ಮೇಕೆಯ ಹಲ್ಲಿಗೆ ಆ ಭಯವಿಲ್ಲ. ಜೊತೆಗೆ ಅದು ಹಿಂಗಾಲ ಮೇಲೆ ನಿಂತು ಐದಾರು ಅಡಿ ಎತ್ತರದವರೆಗಿನ ಕೊಂಬೆ ಬೋಳಿಸುತ್ತದೆ. ಹುಲ್ಲಿನ ಬೆಂಕಿ ಮರದ ನೆತ್ತಿಗೆ ಏರುವ ಏಣಿ ಅದೇ ಕೊಂಬೆ.

ಈಗ ಲೆಕ್ಕಕ್ಕೆ ಬನ್ನಿ. ನೂರು ಪೌಂಡ್ ತೂಕದ ಮೇಕೆ ದಿನಕ್ಕೆ ತನ್ನ ತೂಕದ ನೂರಕ್ಕೆ ಮೂರು ನಾಲ್ಕು ಪಾಲು ಒಣ ಮೇವು ತಿನ್ನುತ್ತದೆ. ಮೂರೂವರೆ ಪೌಂಡ್ ಎಂದಿಟ್ಟುಕೊಂಡರೆ 300 ಮೇಕೆಗೆ ದಿನಕ್ಕೆ 1,050 ಪೌಂಡ್. ಎಕರೆಗೆ 2,500 ಪೌಂಡ್ ಹುಲ್ಲಿದೆ, 700 ಉಳಿಸಬೇಕು ಅನ್ನಿ. ಹೋಗಬೇಕಾದದ್ದು 1,800, ಅದರಲ್ಲಿ ಮೂರನೇ ಒಂದು ಭಾಗ ಕಾಲ್ತುಳಿತಕ್ಕೇ ಹೋಗುತ್ತದೆ, ತಿನ್ನಬೇಕಾದದ್ದು 1,200. ಒಂದು ದಿನ, ಮೇಲೆ ಒಂದು ಹೊತ್ತು. ದಟ್ಟ ಪೊದೆಯಾದರೆ ಅದೇ ಎಕರೆಗೆ ಅದೇ ಹಿಂಡಿಗೆ ಎರಡರಿಂದ ನಾಲ್ಕು ದಿನ. ಆದ್ದರಿಂದ ‘ದಿನಕ್ಕೊಂದು ಎಕರೆ’ ಅನ್ನುವ ಕೊಟೇಶನ್ ನೋಡಿದರೆ ಕೇಳಿ: ಎಷ್ಟು ಮೇಕೆ, ಯಾವ ಗಿಡ, ಎಷ್ಟು ಇಳಿಜಾರು? ಗುತ್ತಿಗೆದಾರ ಖುದ್ದು ಬಂದು ಗುಡ್ಡ ನಡೆದು ನೋಡದೆ ಕೊಟ್ಟ ಬೆಲೆ ಬರೀ ಊಹೆ.

ಇಳಿಜಾರಿನದ್ದೇ ಇನ್ನೊಂದು ಸೂಕ್ಷ್ಮ. ನಕ್ಷೆಯಲ್ಲಿ ತೋರುವ ಎಕರೆ ಸಮತಟ್ಟಿನ ಲೆಕ್ಕದ್ದು. ಎರಡು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಗುಡ್ಡದಲ್ಲಿ ನಿಜವಾದ ಮೇಲ್ಮೈ ಅದಕ್ಕಿಂತ ನೂರಕ್ಕೆ 12ರಷ್ಟು ಹೆಚ್ಚು. ಹತ್ತು ಎಕರೆ ಎಂದು ಸಹಿ ಹಾಕಿ ಕೊನೆಗೆ ಹನ್ನೊಂದಕ್ಕೆ ಬಿಲ್ ಬಂತು ಎಂದು ಜಗಳ ಶುರುವಾಗುವುದು ಇಲ್ಲಿಂದಲೇ. ಯಾವ ಎಕರೆ ಎಂದು ಒಪ್ಪಂದದಲ್ಲೇ ಬರೆದುಕೊಳ್ಳಿ.

ಉಳಿಯಬೇಕಾದ ಎತ್ತರ ಮೂರರಿಂದ ನಾಲ್ಕು ಇಂಚು. ನಾಲ್ಕಕ್ಕಿಂತ ಹೆಚ್ಚಾದರೆ ಅಗ್ನಿಶಾಮಕದವರು ಒಪ್ಪುವುದಿಲ್ಲ. ಎರಡಕ್ಕಿಂತ ಕಡಿಮೆಯಾದರೆ ಮೊದಲ ಅಕ್ಟೋಬರ್ ಮಳೆಗೆ ಮಣ್ಣು ನಿಮ್ಮ ಕಾಂಕ್ರೀಟ್ ಚರಂಡಿಗೆ ಇಳಿಯುತ್ತದೆ. ಅಳತೆಗೆ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಬೂಟಿನ ತುದಿಯ ಪಕ್ಕ ಸ್ಕೇಲು ಊರಿ. ಮೇಲಿನಿಂದ ಕೆಳಗೆ ಒಂದು ಸಾಲು, ಅಡ್ಡ ಒಂದು ಸಾಲು. ಹಿಂಡು ಲಾರಿ ಹತ್ತುವ ಮುಂಚೆ ಗುತ್ತಿಗೆದಾರನ ಜೊತೆಗೇ ಅಳೆಯಿರಿ. ಹಿಂಡು ಹೋದ ಮೇಲೆ ಅಳೆದು ಫೋನ್ ಮಾಡಿದರೆ ಯಾರೂ ವಾಪಸ್ ಬರುವುದಿಲ್ಲ, ಬರಲು ಆಗುವುದೂ ಇಲ್ಲ.

ಬೇಲಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಮೇಕೆ ತಪ್ಪಿಸಿಕೊಂಡು ಯಾರದೋ ಗುಲಾಬಿ ತಿಂದ ಪ್ರತಿ ಕತೆಯ ಮೂಲ ಅಲ್ಲಿದೆ. ಬಳಸುವುದು ವಿದ್ಯುತ್ ಬಲೆ: ಪ್ಲಾಸ್ಟಿಕ್ ದಾರದೊಳಗೆ ತೆಳು ತಂತಿ ಹೆಣೆದದ್ದು, ಕಂಬಗಳು ಬಲೆಗೇ ಸೇರಿರುತ್ತವೆ, ಎತ್ತರ ಸುಮಾರು ಮೂರೂವರೆ ಅಡಿ, ಒಂದು ಸುರುಳಿ 164 ಅಡಿ. ಚೌಕದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ, ಅಂದರೆ ಆರು ಸುರುಳಿ. ಹಿಂಡು ಇಲ್ಲಿ ಮೇಯುತ್ತಿರುವಾಗಲೇ ಪಕ್ಕದ ಎಕರೆಗೆ ಬಲೆ ಎದ್ದಿರಬೇಕು, ಆದ್ದರಿಂದ ಹನ್ನೆರಡು. ಅಷ್ಟನ್ನೂ ಗುಡ್ಡದ ಮೇಲೆ ಹೆಗಲ ಮೇಲೆ ಹೊತ್ತು ಸಾಗಿಸುವವನು ಒಬ್ಬನೇ. ಬಲೆ ಹಾಕುವ ಮುಂಚೆ ಆ ಸಾಲಿನಲ್ಲಿ ಎರಡು ಮೂರು ಅಡಿ ಅಗಲ ಹುಲ್ಲು ಕತ್ತರಿಸಬೇಕು. ಹಸಿ ಹುಲ್ಲು ಕೆಳದಾರಕ್ಕೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಸೋರುತ್ತದೆ. ಬಲೆಯಲ್ಲಿ 4,000 ವೋಲ್ಟ್‌ಗಿಂತ ಮೇಲಿರಬೇಕು. 3,000ಕ್ಕೆ ಇಳಿದರೆ ಹಿಂಡಿನ ಒಂದೆರಡು ಪುಂಡ ಮೇಕೆಗಳಿಗೆ ಅದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಒಂದು ನುಗ್ಗಿದರೆ ಮಿಕ್ಕವು ಕೇಳುವುದಿಲ್ಲ. ಜೂನ್‌ನಲ್ಲಿ ವೋಲ್ಟೇಜ್ ಇಳಿಯುವುದಕ್ಕೆ ಬಹುಪಾಲು ಕಾರಣ ಬ್ಯಾಟರಿ ಅಲ್ಲ, ಅರ್ತಿಂಗ್. ಒಣಗಿ ಬಿರಿದ ಜೇಡಿಮಣ್ಣು ಕರೆಂಟ್ ವಾಪಸ್ ಕೊಡುವುದಿಲ್ಲ. ಮೂರು ಅಡಿಯ ಮೂರು ಕಂಬಿ, ಹತ್ತಡಿಗೊಂದರಂತೆ ತಗ್ಗಿನಲ್ಲಿ ಹೊಡೆದು ಬುಡಕ್ಕೆ ಒಂದು ಬಕೆಟ್ ನೀರು ಸುರಿದರೆ ಮೀಟರಿನ ಮುಳ್ಳು ಮತ್ತೆ ಏರುತ್ತದೆ. ಕೊಂಬಿನ ಮೇಕೆ ಬಲೆಯ ಕಣ್ಣಿಗೆ ತಲೆ ತೂರಿಸಿ ಸಿಕ್ಕಿಕೊಳ್ಳುವುದೂ ಉಂಟು; ಕರೆಂಟು ಮಿಡಿದಾಗಲೆಲ್ಲ ಕಿರುಚುತ್ತದೆ. ನೋಡುವವರಿಲ್ಲದಿದ್ದರೆ ಸತ್ತೇ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಆ ಕೂಗಿಗೆ ಎದ್ದು ಹೋಗಲು ಗುಡ್ಡದ ಮೇಲೆ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ಯಾರು? ಬಹಳ ಸಲ ಪೆರುವಿನ ಆಂಡಿಸ್ ಎತ್ತರದ ಊರಿನವನು, ತಾತ್ಕಾಲಿಕ ಕೃಷಿ ಕೆಲಸಕ್ಕೆ ಕೊಡುವ ಎಚ್-2ಎ ವೀಸಾದ ಮೇಲೆ ಬಂದವನು. ಎಚ್-1ಬಿಯ ಕಷ್ಟ ಬಲ್ಲ ನಮ್ಮವರಿಗೆ ಇದು ಬೇಗ ಅರ್ಥವಾದೀತು: ಈ ವೀಸಾವೂ ಕೆಲಸ ಕೊಟ್ಟವರಿಗೇ ಕಟ್ಟಿದ್ದು, ಗ್ರೀನ್ ಕಾರ್ಡಿನ ಸರತಿ ಸಾಲು ಮಾತ್ರ ಅವನಿಗೆ ಕಣ್ಣಿಗೂ ಕಾಣದು. ಹುಲ್ಲುಗಾವಲಿನಲ್ಲಿ ಹಿಂಡು ಕಾಯುವವರಿಗೆ ಕೇಂದ್ರದ ನಿಯಮ ಕೆಲವನ್ನು ಕಡ್ಡಾಯ ಮಾಡಿದೆ. ವಸತಿ ಪುಕ್ಕಟೆ, ಮೂರು ಹೊತ್ತು ಊಟ, ಇಲ್ಲವೇ ಅಡುಗೆಗೆ ಸಾಮಾನು ಸೌಕರ್ಯ ಪುಕ್ಕಟೆ, ಕುಡಿಯಲು ಅಡುಗೆಗೆ ತಲೆಗೆ ದಿನಕ್ಕೆ ಕನಿಷ್ಠ 4.5 ಗ್ಯಾಲನ್ ಶುದ್ಧ ನೀರು. ಮೇಕೆಗೆ ತರುವ ಟ್ಯಾಂಕಿನ ನೀರು ಇದಕ್ಕೆ ನಡೆಯುವುದಿಲ್ಲ. ಸಂಬಳದ ವಿಷಯದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೇ ತೊಡಕಿದೆ. ತಿಂಗಳ ಸಂಬಳದ ವಿಶೇಷ ನಿಯಮ ಕುರಿ ಕಾಯುವವರಿಗಷ್ಟೇ ಇತ್ತು, ಮೇಕೆ ಎಂಬ ಪದ ಅಲ್ಲಿ ಇರಲಿಲ್ಲ. ಇಪ್ಪತ್ನಾಲ್ಕು ಗಂಟೆಯೂ ಹಿಂಡಿನ ಜೊತೆಗಿರುವವನಿಗೆ ಗಂಟೆ ಲೆಕ್ಕ ಹಾಕಿದರೆ ವಾರಕ್ಕೆ 168 ಗಂಟೆ. 2022ರಲ್ಲಿ ಶಾಸನಸಭೆ ಮೇಕೆಯವರನ್ನೂ ಕುರಿಯವರ ಜೊತೆ ಸೇರಿಸಿ ತಾತ್ಕಾಲಿಕ ದಾರಿ ಮಾಡಿತು, ಆಮೇಲೆ ಗಡುವು ಮುಂದಕ್ಕೆ ಹಾಕಿತು. ಕುರಿಗೂ ಮೇಕೆಗೂ ವ್ಯತ್ಯಾಸ ಗೊತ್ತಿರುವ ಏಕೈಕ ಇಲಾಖೆ ಕಾರ್ಮಿಕ ಇಲಾಖೆ ಎಂದು ನಮ್ಮಲ್ಲಿ ತಮಾಷೆಗೆ ಅಂದುಕೊಳ್ಳುವುದುಂಟು.

ನಿಮಗೆ ಇದರಲ್ಲಿ ಬೇಕಾದದ್ದು ಇಷ್ಟು. ಕೊಟೇಶನ್‌ನಲ್ಲಿ ಕಾಯುವವರ ಸಂಬಳ, ಊಟ, ಟ್ರೇಲರ್ ಮನೆ ಪ್ರತ್ಯೇಕ ಸಾಲಾಗಿ ಕಾಣಬೇಕು. ಮಿಕ್ಕವರಿಗಿಂತ ಬಹಳ ಕಡಿಮೆ ಬೆಲೆ ಹೇಳಿದವರು ಬಲೆಯಲ್ಲಾಗಲಿ ಲಾರಿಯಲ್ಲಾಗಲಿ ಉಳಿಸಲು ಆಗುವುದಿಲ್ಲ. ಮನುಷ್ಯನಲ್ಲಿ ಉಳಿಸುತ್ತಾರೆ. ಒಬ್ಬನಿಗೆ ಎರಡು ಗುಡ್ಡ ವಹಿಸುತ್ತಾರೆ, ರಾತ್ರಿ ನಿಮ್ಮ ಹಿಂಡಿಗೆ ಯಾರೂ ಇರುವುದಿಲ್ಲ. ‘ಹಿಂಡು ಇರುವ ಪ್ರತಿ ರಾತ್ರಿ ಒಬ್ಬರು ಸ್ಥಳದಲ್ಲೇ ಇರತಕ್ಕದ್ದು, ಹಿಂಡು ಜಾಗ ಬದಲಿಸುವ ದಿನ ಇಬ್ಬರು’ ಎಂದು ಬರೆಸಿ. ಟ್ರೇಲರ್ ನಿಲ್ಲಿಸಲು ಸಮತಟ್ಟಾದ, ನೆರಳಿರುವ, ನಲ್ಲಿಗೆ ಹತ್ತಿರದ ಜಾಗವನ್ನು ನೀವೇ ಗುರುತಿಸಿ ಕೊಡಿ. ಕ್ಲಬ್‌ಹೌಸಿನ ಶೌಚಾಲಯದ ಕೀಲಿ ಕೊಡಲು ಒಂದು ಠರಾವು ಸಾಕು.

ಕರ್ನಾಟಕದಲ್ಲಿ ಹೊಲದಲ್ಲಿ ಕುರಿ ತರುಬಿಸುವುದನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ರಾತ್ರಿಗಿಷ್ಟು ಎಂದು ರೈತ ಕುರಿಗಾಹಿಗೆ ಕಾಳೋ ಕಾಸೋ ಕೊಡುತ್ತಾನೆ, ಗೊಬ್ಬರಕ್ಕಾಗಿ. ಅಲ್ಲಿ ಹಿಂಡಿನ ಹಿಂಭಾಗಕ್ಕೆ ಬೆಲೆ, ಇಲ್ಲಿ ಬಾಯಿಗೆ. ಆದರೆ ಅಲ್ಲಿಯ ಒಂದು ಜಾಣತನ ಇಲ್ಲಿಗೂ ಬೇಕು: ತರುಬುವ ಜಾಗ ಬದಲಾಗುತ್ತಿರಬೇಕು. ಹಿಂಡು ಮೂರು ರಾತ್ರಿ ಒಂದೇ ಮರದಡಿ ಮಲಗಿದರೆ ಅಲ್ಲಿ ನೆಲ ಬೋಳಾಗಿ, ಗೊಬ್ಬರ ರಾಶಿಯಾಗಿ, ಮುಂದಿನ ವರ್ಷ ಆಳೆತ್ತರದ ಸಾಸಿವೆ ಗಿಡವೂ ಮುಳ್ಳುಗಿಡವೂ ಏಳುತ್ತವೆ.

ಇನ್ನು ನೆರೆಹೊರೆಯ ಮನೆಯವರಿಗೆ.

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ದಯವಿಟ್ಟು ನಂಬಬೇಡಿ. ಮುಟ್ಟುವುದು ನಿಜ, ಮುಟ್ಟಿ ಸಾಯುವುದೂ ನಿಜ. ಪೂಜೆಯ ಹೂವಿಗೆಂದು ನಮ್ಮವರ ಹಿತ್ತಲಲ್ಲಿ ಕಣಗಿಲೆ ಇರುತ್ತದೆ. ಇಲ್ಲಿನ ಹೆದ್ದಾರಿಗಳ ಉದ್ದಕ್ಕೂ ಅದೇ. ಕಣಗಿಲೆಯ ಒಂದು ಹಿಡಿ ಎಲೆ ಮೇಕೆಯ ಹೃದಯ ನಿಲ್ಲಿಸುತ್ತದೆ, ಒಣಗಿದರೂ ವಿಷ ಇಳಿಯುವುದಿಲ್ಲ. ಸಾಯುವುದು ಗಿಡದಿಂದ ಕಿತ್ತು ತಿಂದ ಮೇಕೆಗಿಂತ, ಕತ್ತರಿಸಿ ಬೇಲಿಯಾಚೆ ಎಸೆದ ಕೊಂಬೆ ತಿಂದ ಮೇಕೆ. ಅಜೇಲಿಯಾ, ಯೂ ಗಿಡ, ಬೆಣ್ಣೆಹಣ್ಣಿನ ಎಲೆ, ಬಾಡಿದ ಪ್ಲಮ್ ಮತ್ತು ಚೆರಿ ಎಲೆ ಇವೂ ಅದೇ ಪಟ್ಟಿಯಲ್ಲಿವೆ. ಹಳ್ಳದ ಬದಿಯಲ್ಲಿ ಕೊತ್ತಂಬರಿ ಹೂವಿನಂಥ ಬಿಳಿ ಹೂ ಬಿಟ್ಟು ಕಾಂಡದ ಮೇಲೆ ನೇರಳೆ ಚುಕ್ಕೆ ಇರುವ ಎತ್ತರದ ಗಿಡ ಕಂಡರೆ ಅದು ಪಾಯ್ಸನ್ ಹೆಮ್ಲಾಕ್. ಕೈ ಹಾಕದೆ ಎಚ್‌ಒಎಗೆ ತಿಳಿಸಿ. ಹಿಂಡು ಬರುವ ಹದಿನೈದು ದಿನ ಮುಂಚಿನಿಂದ ಬೇಲಿಯಾಚೆ ಏನನ್ನೂ ಎಸೆಯಬೇಡಿ.

ಏನನ್ನೂ ಅಂದರೆ ಅನ್ನವನ್ನೂ. ಊರಲ್ಲಿ ಮದುವೆ ಮನೆಯ ಹಿತ್ತಲಲ್ಲಿ ಮಿಕ್ಕ ಅನ್ನ ತಿಂದ ದನ ಹೊಟ್ಟೆ ಉಬ್ಬಿ ಬಿದ್ದದ್ದು ಕೇಳಿರುತ್ತೀರಿ. ಕಾರಣ ಸರಳ: ಎಲೆ ನಾರಿಗೆ ಒಗ್ಗಿದ ಮೆಲುಕಿನ ಹೊಟ್ಟೆಗೆ ಒಮ್ಮೆಲೇ ಪಿಷ್ಟ ಬಿದ್ದರೆ ಹುಳಿಯುಕ್ಕಿ ಒಳಗಿನ ಒಳ್ಳೆಯ ಜೀವಾಣುಗಳು ಸಾಯುತ್ತವೆ. ಅನ್ನ, ಬ್ರೆಡ್ಡು, ಚಪಾತಿ ಎಲ್ಲವೂ ಅಪಾಯ. ಎಲ್ಲಕ್ಕಿಂತ ಕೆಟ್ಟದ್ದು ಹುಳಿ ಬಂದ ದೋಸೆ ಹಿಟ್ಟು, ನುಣ್ಣಗೆ ರುಬ್ಬಿದ್ದರಿಂದ ಅದು ಇನ್ನೂ ಬೇಗ ಕೆಲಸ ಮಾಡುತ್ತದೆ. ಪ್ರೀತಿ ತೋರಿಸಲೇಬೇಕು ಅನ್ನಿಸಿದರೆ ಹಿಂಡು ಕಾಯುವವನಿಗೆ ಬಿಸಿ ಊಟ ಕೊಡಿ. ಅವನು ಬೇಡ ಅನ್ನುವುದಿಲ್ಲ.

ಮಕ್ಕಳು ಮೇಕೆ ಮುಟ್ಟಬೇಕೆಂದು ಹಟ ಮಾಡುತ್ತಾರೆ. ಬಲೆಯ ಕರೆಂಟು ಒಂದು ಕಾರಣಕ್ಕೆ ಬೇಡ, ಪಾಯ್ಸನ್ ಓಕ್ ಇನ್ನೊಂದು ಕಾರಣಕ್ಕೆ. ಮೇಕೆ ಅದನ್ನು ಹಪ್ಪಳದಂತೆ ತಿನ್ನುತ್ತದೆ, ಅದಕ್ಕೆ ಏನೂ ಆಗುವುದಿಲ್ಲ, ಆ ಗಿಡದ ಎಣ್ಣೆ ಮಾತ್ರ ರೋಮಕ್ಕೆ ಅಂಟಿದ್ದು, ಮುಟ್ಟಿದವರ ಚರ್ಮಕ್ಕೆ ಉರಿ ಹತ್ತಿಸುತ್ತದೆ. ಮಾವಿನ ಸೊನೆಗೆ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಲ್ಲವರಿಗೆ ಈ ಉರಿ ಪರಿಚಿತ. ಮೂರೂ ಒಂದೇ ಕುಟುಂಬದ ಗಿಡಗಳು. ಮಾವಿಗೆ ಚರ್ಮ ಒಗ್ಗದವರು ಇನ್ನೂ ಹುಷಾರಾಗಿರಬೇಕು.

ಹಿಂಡಿನ ಒಳಗೇ ಇರುವ ದೊಡ್ಡ ನಾಯಿಗಳು ಗ್ರೇಟ್ ಪಿರನೀಸ್, ಅನಟೋಲಿಯನ್ ಜಾತಿಯವು. ಮೇಕೆ ಅಟ್ಟುವುದು ಅವುಗಳ ಕೆಲಸವಲ್ಲ, ಅದಕ್ಕೆ ಬಾರ್ಡರ್ ಕೋಲಿ ಬೇರೆ ಇರುತ್ತದೆ. ಇವು ಮೇಕೆಯ ನಡುವೆಯೇ ಬೆಳೆದು ತೋಳದಂಥ ಕಯೋಟಿಗೂ ಚಿರತೆಯಂಥ ಪ್ಯೂಮಾಗೂ ಎದುರು ನಿಲ್ಲುವಂಥವು, ಮತ್ತು ರಾತ್ರಿ ಬೊಗಳುತ್ತವೆ. ಬೊಗಳುವುದೇ ಅವುಗಳ ಬೇಲಿ. ಪ್ರತಿ ವರ್ಷ ಯಾರೋ ಪೊಲೀಸರಿಗೆ ದೂರು ಕೊಡುತ್ತಾರೆ, ನಾಯಿಯನ್ನು ಗಾಡಿಯಲ್ಲಿ ಕಟ್ಟುತ್ತಾರೆ, ಅದೇ ವಾರ ಮರಿ ಹೋಗುತ್ತದೆ. ಎರಡು ಮೂರು ರಾತ್ರಿ ಕಿಟಕಿ ಮುಚ್ಚಿಕೊಳ್ಳಿ. ಹಿಂಡು ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಕಯೋಟಿಗಿಂತಲೂ ಹಿಂಡಿಗೆ ಹೆಚ್ಚು ಉಪದ್ರವ ಕೊಡುವುದು ಪಟ್ಟಿ ಬಿಚ್ಚಿ ವಾಕಿಂಗ್‌ಗೆ ತಂದ ಸಾಕುನಾಯಿಗಳು.

ಮತ್ತೆ ಮಂಡಳಿಯವರಿಗೆ, ಒಪ್ಪಂದಕ್ಕೆ ಮುಂಚಿನ ಕೆಲವು ಕೆಲಸ. ಹನಿ ನೀರಾವರಿ ಪೈಪುಗಳ ಮೇಲೆ ಬಣ್ಣದ ಬಾವುಟ ಊರಿಸಿ. ಗೊರಸಿಗೆ ಸಿಕ್ಕ ಪೈಪು ಉಳಿಯುವುದಿಲ್ಲ. ಹೊಸದಾಗಿ ನೆಟ್ಟ ಓಕ್ ಸಸಿಗೆ ತಂತಿ ಪಂಜರ ಕಟ್ಟಿಸಿ, ಮೇಕೆಗೆ ಎಳೆ ತೊಗಟೆ ಎಂದರೆ ಪ್ರಾಣ. ಈ ಗುಡ್ಡಗಳಲ್ಲಿ ಕೇಂದ್ರದ ರಕ್ಷಿತ ಪಟ್ಟಿಯಲ್ಲಿರುವ ಅಲಮೀಡಾ ವಿಪ್‌ಸ್ನೇಕ್ ಹಾವಿದೆ, ಹಳ್ಳಗಳಲ್ಲಿ ಕೆಂಪುಗಾಲಿನ ಕಪ್ಪೆಯಿದೆ, ವಸಂತದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ. ಜೀವಶಾಸ್ತ್ರಜ್ಞರೊಬ್ಬರು ಹಿಂಡಿಗಿಂತ ಮುಂಚೆ ಗುಡ್ಡ ನಡೆಯಲಿ, ಹಳ್ಳದ ಅಂಚಿನಿಂದ ಬಲೆ ಎಷ್ಟು ದೂರ ಎಂದು ಅವರೇ ಗೂಟ ನೆಡಲಿ. ನೀರು ಮೇಕೆಗೆ ದಿನಕ್ಕೆ ಒಂದರಿಂದ ಎರಡು ಗ್ಯಾಲನ್. ಏಪ್ರಿಲ್‌ನ ಹಸಿ ಮೇವಿಗೆ ಕಡಿಮೆ, ಜೂನ್ ಬಿಸಿಲಿಗೆ ಪೂರ್ತಿ. ಮುನ್ನೂರಕ್ಕೆ ಆರುನೂರು ಗ್ಯಾಲನ್ ಎಂದರೆ ಹೈಡ್ರಂಟ್ ಮೀಟರ್‌ಗೆ (ಬೀದಿಯ ಅಗ್ನಿಶಾಮಕ ನಲ್ಲಿಯಿಂದ ನೀರು ಅಳೆದು ಪಡೆಯುವ ಮೀಟರು) ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.

ಗುತ್ತಿಗೆದಾರನಿಗೆ ಎರಡು ಪ್ರಶ್ನೆ ತಪ್ಪದೆ ಕೇಳಿ. ಹಿಂಡಿನಲ್ಲಿ ಬೀಜ ಒಡೆಸದ ಹೋತಗಳಿವೆಯೇ? ಇದ್ದರೆ ಬೇಸಿಗೆ ಕೊನೆಯ ಸುತ್ತಿಗೆ ಅವುಗಳ ನಾತ ನಿಮ್ಮ ಅಡುಗೆಮನೆಗೆ ಬರುತ್ತದೆ. ಹಿಂದಿನ ಜಾಗ ಯಾವುದು? ಸ್ಟಾರ್ ಥಿಸಲ್ ಬೀಜ ಬಿಟ್ಟ ಗುಡ್ಡದಿಂದ ನೇರ ನಿಮ್ಮಲ್ಲಿಗೆ ಬಂದರೆ ಹೊಟ್ಟೆಯಲ್ಲಿ ಅರಗದೆ ಉಳಿದ ಬೀಜ ನಿಮ್ಮಲ್ಲಿ ಹಿಕ್ಕೆಯ ಜೊತೆ ಬೀಳುತ್ತದೆ. ನಡುವೆ ಮೂರು ದಿನ ಶುದ್ಧ ಒಣಮೇವಿನ ಮೇಲೆ ಇಟ್ಟು ತರಲಿ, ಅದರ ಖರ್ಚು ನೀವು ಕೊಡಿ. ಕುರಿ, ಮೇಕೆ ಬೆರೆತ ಹಿಂಡಾದರೆ ಹುಲ್ಲಿಗೆ ಒಳ್ಳೆಯದೇ. ಆದರೆ ಮೇಕೆಗೆ ಬೇಕಾದ ತಾಮ್ರದ ಉಪ್ಪಿನಗಟ್ಟಿ ಕುರಿಗೆ ವಿಷ ಎಂಬುದು ಅವರಿಗೆ ಗೊತ್ತಿದೆಯೇ ನೋಡಿ. ಗೊತ್ತಿಲ್ಲದವರಿಗೆ ಗುಡ್ಡ ವಹಿಸಬೇಡಿ.

ಜನವರಿ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೆ ಇಪ್ಪತ್ತು ನಿಮಿಷ ಇಡಿ. ಹಿಂಡು ಬಂದ ದಿನ ಗುಡ್ಡದ ಗೇಟಿನ ಕೋಡನ್ನು ಕಾಯುವವನ ಕೈಗೇ ಬರೆದು ಕೊಡಿ, ಸ್ಪ್ಯಾನಿಷ್ ಬಲ್ಲ ಒಬ್ಬ ಸದಸ್ಯರ ಫೋನ್ ನಂಬರಿನ ಜೊತೆ. ನಡುವೆ ಕೋಡ್ ಬದಲಾಯಿಸಿದರೆ ಆ ಸಂಜೆಯೇ ಹೋಗಿ ಹೇಳಿ ಬನ್ನಿ. ನೀರಿನ ಲಾರಿ ಬೆಳಗಿನ ಐದಕ್ಕೆ ಬರುತ್ತದೆ.

ಇಂತಿ,
ಈಸ್ಟ್ ಬೇ ಗುಡ್ಡಗಳ ಮೇವಿನ ಕೆಲಸದಲ್ಲಿರುವ ಕೆಲವು ಕನ್ನಡಿಗರು